ಪ್ರೋಟೀನು ಒಂದೇ, ಹೊತ್ತು ಬೇರೆ

ಲಕ್ವ ಹೊಡೆದವರ ಮನೆಯಲ್ಲಿ ಎರಡು ಪ್ರಶ್ನೆಗಳು ಒಂದರ ಹಿಂದೊಂದು ಹುಟ್ಟುತ್ತವೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ‘ಜೀವಕ್ಕೇನೂ ತೊಂದರೆ ಇಲ್ಲವಲ್ಲ?’ ಎನ್ನುವುದು ಮೊದಲನೆಯದು. ರೋಗಿ ಮನೆಗೆ ಬಂದು, ಮಂಚದ ಮೇಲೆ ಕೂತು, ತುತ್ತು ಎತ್ತಲಾರದ ಬಲಗೈಯನ್ನು ಎಡಗೈಯಿಂದ ಹಿಡಿದು ಮಡಿಲಲ್ಲಿ ಇಟ್ಟುಕೊಂಡಾಗ ‘ಈ ಕೈ ಮತ್ತೆ ಬರುತ್ತದೆಯೇ?’ ಎನ್ನುವುದು ಎರಡನೆಯದು. ಮೊದಲ ಪ್ರಶ್ನೆಗೆ ಉತ್ತರ ಕೊಡಲು ವೈದ್ಯರ ಕೈಯಲ್ಲಿ ಇವತ್ತು ಒಳ್ಳೆಯ ಸಾಧನಗಳಿವೆ. ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಆಲ್ಟಿಪ್ಲೇಸ್ ಎಂಬ ಔಷಧ ಮೂರು ಗಂಟೆಯೊಳಗೆ ಕೊಟ್ಟರೆ ಕೆಲಸ ಮಾಡುತ್ತದೆ ಎಂದು ಅಮೆರಿಕದ ಪ್ರಯೋಗವೊಂದು 1995ರಲ್ಲಿ ತೋರಿಸಿತು. 2008ರಲ್ಲಿ ಯುರೋಪಿನ ಪ್ರಯೋಗ ಆ ಗಡುವನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಎರಡನೆಯ ಪ್ರಶ್ನೆಗೆ ಅಂಥ ಔಷಧ ಇನ್ನೂ ಬಂದಿಲ್ಲ. ಆದರೆ ನರಕೋಶಗಳ ದುರಸ್ತಿಯಲ್ಲಿ ಕೈಯಾಡಿಸುವ ಹತ್ತಾರು ಪ್ರೋಟೀನುಗಳು ಕಳೆದ ನಾಲ್ಕು ದಶಕಗಳಲ್ಲಿ ಪತ್ತೆಯಾಗಿವೆ, ಪತ್ರಿಕೆಗಳಲ್ಲಿ ಆಗಾಗ ‘ಪಾರ್ಶ್ವವಾಯುವಿಗೆ ಮದ್ದು ಸಿಕ್ಕಿತು’ ಎಂಬ ಸುದ್ದಿಯೂ ಬರುತ್ತಿರುತ್ತದೆ. ಇಷ್ಟೆಲ್ಲ ಸಿಕ್ಕಿಯೂ ಮದ್ದು ಏಕೆ ಕೈಗೆ ಬಂದಿಲ್ಲ? ನಾವು ‘ಯಾವ ಪ್ರೋಟೀನು’ ಎಂದು ಬಹಳ ಕೇಳಿದೆವು, ‘ಯಾವ ಹೊತ್ತಿನಲ್ಲಿ’ ಎಂದು ಕೇಳಿದ್ದು ಕಡಿಮೆ ಎನ್ನುವುದು ನನ್ನ ವಾದ.

ಮೊದಲು ಮೆದುಳಿನೊಳಗೆ ಏನಾಗುತ್ತದೆ ನೋಡೋಣ. ರಕ್ತನಾಳ ಒಡೆದು ಆಗುವ ಪಾರ್ಶ್ವವಾಯುವೂ ಉಂಟು, ಹೆಪ್ಪು ಅಡ್ಡಬಂದು ಆಗುವುದು ಹೆಚ್ಚು. ದೊಡ್ಡ ರಕ್ತನಾಳವೊಂದು ಹೀಗೆ ಮುಚ್ಚಿಹೋಗಿ ಚಿಕಿತ್ಸೆ ಸಿಗದಿದ್ದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಲಾಸ್ ಏಂಜಲೀಸಿನ ನರತಜ್ಞ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಹೀಗೆ ಸತ್ತ ಕೋಶಗಳ ಜಾಗಕ್ಕೆ ಹೊಸ ಕೋಶಗಳು ಬಂದು ಕೂರುವುದು ಲೆಕ್ಕಕ್ಕೆ ಸಿಗುವಷ್ಟಿಲ್ಲ. ಹಾಗಿದ್ದೂ ಬಹಳ ಜನರಿಗೆ ಮೊದಲ ಕೆಲವು ವಾರಗಳಲ್ಲಿ ಕೈಕಾಲು ಒಂದಿಷ್ಟು ಮರಳುತ್ತದೆ, ತೊದಲುವ ಮಾತು ತಿಳಿಯಾಗುತ್ತದೆ. ಸತ್ತ ಭಾಗದ ಅಂಚಿನಲ್ಲಿ ಬದುಕುಳಿದ ಕೋಶಗಳು, ಕೆಲವೊಮ್ಮೆ ಮೆದುಳಿನ ಇನ್ನೊಂದು ಪಾರ್ಶ್ವದ ಕೋಶಗಳು ಕೂಡ, ತಮ್ಮ ಎಳೆಗಳಿಂದ ಹೊಸ ಕವಲು ಒಡೆದು ಬೇರೆ ದಾರಿಯಲ್ಲಿ ಸಂಪರ್ಕ ಕಟ್ಟಿಕೊಳ್ಳುವುದು ಇದಕ್ಕೆ ಮುಖ್ಯ ಕಾರಣ. ಆಕ್ಸಾನ್ ಎಂದು ಕರೆಯುವ ಆ ಎಳೆಯ ತುದಿಯಲ್ಲಿ ಅಂಗೈಯಂತೆ ಅಗಲವಾಗಿ, ಬೆರಳುಗಳಂಥ ಚಾಚುಗಳಿರುವ ಒಂದು ರಚನೆ ಇರುತ್ತದೆ. ಸೂಕ್ಷ್ಮದರ್ಶಕದಡಿ ನೋಡಿದರೆ ಅದು ಸುಮ್ಮನಿರುವುದಿಲ್ಲ. ಚಾಚುತ್ತದೆ, ಮುಟ್ಟುತ್ತದೆ, ಹಿಂದೆಗೆಯುತ್ತದೆ, ಮತ್ತೆ ಚಾಚುತ್ತದೆ. ಮುಟ್ಟಿದ ಜಾಗದಲ್ಲಿ ಇರುವ ಪ್ರೋಟೀನು ಯಾವುದು ಎನ್ನುವುದರ ಮೇಲೆ ಅದು ಮುಂದುವರಿಯುವುದೋ ಮುದುಡಿಕೊಳ್ಳುವುದೋ ತೀರ್ಮಾನವಾಗುತ್ತದೆ. ದುರಸ್ತಿ ಎಂದು ನಾವು ಕರೆಯುವ ಕೆಲಸದ ಹೆಚ್ಚಿನ ಪಾಲು ನಡೆಯುವುದು ಈ ತುದಿಯಲ್ಲಿ.

ಇಪ್ಪತ್ತನೆಯ ಶತಮಾನದ ಬಹುಭಾಗ ವಿಜ್ಞಾನಿಗಳು ಇದನ್ನು ನಂಬಿರಲಿಲ್ಲ. ನರಕೋಶದ ಸ್ವರೂಪವನ್ನು ಜಗತ್ತಿಗೆ ತೋರಿಸಿಕೊಟ್ಟು 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ಸ್ಯಾಂಟಿಯಾಗೊ ರಾಮೊನ್ ಇ ಕಹಾಲ್, ಬೆಳೆದ ಪ್ರಾಣಿಯ ಮೆದುಳಿನ ದಾರಿಗಳು ಒಮ್ಮೆ ಕಡಿದರೆ ಮತ್ತೆ ಬೆಳೆಯವು ಎಂದು 1913–14ರಲ್ಲಿ ಬರೆದಿದ್ದ. ಮುಂದಿನ ಕಾಲದ ವಿಜ್ಞಾನ ಈ ಕಠೋರ ತೀರ್ಪನ್ನು ಬದಲಿಸಲಿ ಎಂಬ ಆಸೆಯನ್ನೂ ಅವನೇ ಸೇರಿಸಿದ್ದ, ಆದರೆ ಅನುಯಾಯಿಗಳು ನೆನಪಿಟ್ಟುಕೊಂಡದ್ದು ತೀರ್ಪನ್ನು ಮಾತ್ರ. ಅದನ್ನು ಅಲುಗಾಡಿಸಿದ್ದು ಕೆನಡಾದ ಮಾಂಟ್ರಿಯಲ್‌ನ ಒಂದು ಪ್ರಯೋಗ. 1981ರಲ್ಲಿ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೊ ಇಲಿಯ ಕಾಲಿನ ನರದ ತುಂಡೊಂದನ್ನು ತೆಗೆದು, ಅದರ ಒಂದು ತುದಿಯನ್ನು ಮೆದುಳಿನ ಬುಡಕ್ಕೂ ಇನ್ನೊಂದನ್ನು ಬೆನ್ನುಹುರಿಗೂ ಸೇತುವೆಯಂತೆ ಕಸಿ ಮಾಡಿದರು. ಬೆಳೆಯಲಾರವು ಎಂದು ಎಲ್ಲರೂ ಹೇಳುತ್ತಿದ್ದ ಅದೇ ಎಳೆಗಳು ಆ ಸೇತುವೆಯೊಳಗೆ ಸುಮಾರು 3 ಸೆಂಟಿಮೀಟರ್ ಬೆಳೆದವು. ಕಸಿಯ ಆಚೆ ತುದಿ ತಲುಪಿ ಮತ್ತೆ ಬೆನ್ನುಹುರಿಯೊಳಕ್ಕೆ ಹೊಕ್ಕ ಕೂಡಲೇ ನಿಂತುಬಿಟ್ಟವು. ಅಲ್ಲಿಗೆ ಒಂದು ಮಾತು ಸ್ಪಷ್ಟವಾಯಿತು. ಬೆಳೆಯುವ ಶಕ್ತಿ ಕೋಶದಲ್ಲಿ ಇದ್ದೇ ಇದೆ, ಸುತ್ತಲಿನ ನೆಲದಲ್ಲಿ ಏನೋ ಅದನ್ನು ತಡೆಯುತ್ತಿದೆ.

ಆ ‘ಏನೋ’ ಯಾವುದೆಂದು ಹುಡುಕಿದವರಲ್ಲಿ ಸ್ವಿಟ್ಜರ್‌ಲೆಂಡಿನ ಮಾರ್ಟಿನ್ ಶ್ವಾಬ್ ಹೆಸರು ದೊಡ್ಡದು. ನರತಂತುವಿನ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದಲ್ಲ, ಅದರಲ್ಲಿರುವ ಒಂದು ಪ್ರೋಟೀನು ಬೆಳೆಯುವ ತುದಿಯನ್ನು ಮುದುಡಿಸುತ್ತದೆ ಎಂದು 1988ರಲ್ಲಿ ಅವರು ತೋರಿಸಿದರು. 2000ದ ಜನವರಿಯಲ್ಲಿ ಅದರ ಜೀನನ್ನು ಮೂರು ತಂಡಗಳು ಒಟ್ಟೊಟ್ಟಿಗೆ ಪ್ರಕಟಿಸಿದವು. ಅದಕ್ಕೆ ನೋಗೋ ಎಂದು ಹೆಸರಾಯಿತು. ಇಂಥ ತಡೆಯ ಪ್ರೋಟೀನುಗಳು ಇನ್ನೂ ಕೆಲವು ಸಿಕ್ಕವು. ಬೆಳೆಸುವ ಬಣದಲ್ಲೂ ಪ್ರೋಟೀನುಗಳಿಗೆ ಕೊರತೆ ಇರಲಿಲ್ಲ. ನರಕೋಶಗಳನ್ನು ಬದುಕಿಸುವ, ಅವುಗಳ ಸಂಪರ್ಕವನ್ನು ಗಟ್ಟಿಗೊಳಿಸುವ ಬಿಡಿಎನ್ಎಫ್ ಎಂಬುದನ್ನು 1982ರಲ್ಲಿ ಜರ್ಮನಿಯಲ್ಲಿ ಬಾರ್ಡ್ ಮತ್ತು ಥೋನೆನ್ ಮೊದಲು ಬೇರ್ಪಡಿಸಿದಾಗ ಒಂದೂವರೆ ಕಿಲೋ ಹಂದಿಯ ಮೆದುಳಿನಿಂದ ದೊರೆತದ್ದು ಒಂದು ಮೈಕ್ರೊಗ್ರಾಮಿನಷ್ಟು, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಅಷ್ಟು ಸಣ್ಣ ಪ್ರಮಾಣದಲ್ಲಿ ಇದ್ದುಕೊಂಡು ಅಷ್ಟು ದೊಡ್ಡ ಕೆಲಸ ಮಾಡುವ ವಸ್ತುವನ್ನು ಹೊತ್ತುಗೊತ್ತಿಲ್ಲದೆ ಸುರಿದರೆ ಏನಾದೀತು ಎಂಬ ಅಳುಕು ಆಗಲೇ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಬೆಳೆಸುವುದನ್ನು ಹೆಚ್ಚಿಸು, ತಡೆಯುವುದನ್ನು ಮುಚ್ಚು ಎಂಬ ಸರಳ ಗಣಿತ ಎಲ್ಲರಿಗೂ ಒಪ್ಪಿಗೆಯಾಯಿತು.

ಈ ಗಣಿತ ಕೆಟ್ಟದ್ದು ಎಲ್ಲಿ? ಎಂಎಂಪಿ-9 ಎಂಬ ಕಿಣ್ವವನ್ನು ತೆಗೆದುಕೊಳ್ಳಿ. ಕಿಣ್ವ ಎಂದರೆ ಪ್ರೋಟೀನೇ. ಕೋಶಗಳ ನಡುವಿನ ಜಾಲರಿಯನ್ನು ಕತ್ತರಿಸುವುದು ಇದರ ಕೆಲಸ. ಪಾರ್ಶ್ವವಾಯುವಿನ ಮೊದಲ ದಿನ ಇದು ರಕ್ತನಾಳದ ಗೋಡೆಯನ್ನೇ ಸಡಿಲಿಸಿ, ಮೆದುಳು ಊದಿಕೊಳ್ಳಲು, ರಕ್ತ ಒಸರಲು ಕಾರಣವಾಗುತ್ತದೆ. ಹಾಗಾಗಿ ಇದನ್ನು ತಡೆಯುವುದೇ ಚಿಕಿತ್ಸೆ ಎಂದು ಭಾವಿಸಲಾಗಿತ್ತು. ಮೊದಲ ದಿನದ ಮಟ್ಟಿಗೆ ಅದು ನಿಜವೂ ಹೌದು. ಬಾಸ್ಟನ್ನಿನ ಎಂಗ್ ಲೋ ಅವರ ಪ್ರಯೋಗಾಲಯ 2006ರಲ್ಲಿ ಇಲಿಗಳಿಗೆ ಅದೇ ತಡೆಮದ್ದನ್ನು ಏಳನೆಯ ದಿನ ಕೊಟ್ಟು ನೋಡಿತು. ಗಾಯ ದೊಡ್ಡದಾಯಿತು, ಚೇತರಿಕೆ ಕುಂಟಿತು. ಆ ಹೊತ್ತಿಗೆ ಅದೇ ಕಿಣ್ವ ಹೊಸ ರಕ್ತನಾಳಗಳು ಚಿಗುರಲು, ಎಳೆಗಳು ನುಗ್ಗಲು ಜಾಲರಿಯಲ್ಲಿ ದಾರಿ ಬಿಡಿಸಿಕೊಡುತ್ತಿತ್ತು. ಮೊದಲ ದಿನದ ಶತ್ರು ಎರಡನೆಯ ವಾರದ ಕೆಲಸಗಾರ. ಇದಕ್ಕೆ ತಿರುವುಮುರುವಾದ ಉದಾಹರಣೆಯೂ ಉಂಟು. ನರಕೋಶಗಳ ಮೇಲೆ ಗಾಬಾ ಎಂಬ ರಾಸಾಯನಿಕವನ್ನು ಗ್ರಹಿಸಿ ಕೋಶವನ್ನು ಶಾಂತವಾಗಿಡುವ ಗ್ರಾಹಕ ಪ್ರೋಟೀನುಗಳಿವೆ. ಪಾರ್ಶ್ವವಾಯುವಿನ ನಂತರ ಗಾಯದ ಅಂಚಿನಲ್ಲಿ ಈ ಶಾಂತಿ ಅತಿಯಾಗಿ, ಬದುಕಿದ ಕೋಶಗಳೂ ಮಂಕು ಹಿಡಿದಂತೆ ಇರುತ್ತವೆ. ಲಾಸ್ ಏಂಜಲೀಸಿನಲ್ಲಿ ಕ್ಲಾರ್ಕ್‌ಸನ್, ಕಾರ್ಮೈಕೆಲ್ ಮತ್ತು ಸಂಗಡಿಗರು 2010ರಲ್ಲಿ ಸುಂಡಿಲಿಗಳಿಗೆ ಈ ಮಂಕನ್ನು ಇಳಿಸುವ ಔಷಧವನ್ನು ಮೂರನೆಯ ದಿನದಿಂದ ಕೊಟ್ಟಾಗ ಕಾಲಿನ ಚಲನೆ ಚೆನ್ನಾಗಿ ಮರಳಿತು. ಅದೇ ಔಷಧವನ್ನು ಆಘಾತವಾದ ತಕ್ಷಣ ಕೊಟ್ಟಾಗ ಸತ್ತ ಭಾಗ ಇನ್ನಷ್ಟು ಹರಡಿತು. ಮೊದಲ ಗಂಟೆಗಳಲ್ಲಿ ಉದ್ರೇಕವೇ ಕೋಶಗಳನ್ನು ಕೊಲ್ಲುವುದು, ಆಗ ಮಂಕು ರಕ್ಷಣೆ. ಮೂರು ದಿನ ದಾಟಿದ ಮೇಲೆ ಉದ್ರೇಕವಿಲ್ಲದೆ ಕಲಿಕೆಯಿಲ್ಲ, ಆಗ ಮಂಕೇ ಅಡ್ಡಿ.

ಇನ್ನೊಂದು ಪ್ರೋಟೀನಿನ ಕಥೆ ಕುತೂಹಲದ್ದು. ಏಡ್ಸ್ ವೈರಸ್ ನಮ್ಮ ರಕ್ತಕಣದೊಳಕ್ಕೆ ನುಗ್ಗಲು ಬಳಸುವ ಬಾಗಿಲುಗಳಲ್ಲಿ ಸಿಸಿಆರ್5 ಒಂದು. ಆರೋಗ್ಯವಂತ ನರಕೋಶದಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಪಾರ್ಶ್ವವಾಯು ಆದ ಮೇಲೆ ಇದ್ದಕ್ಕಿದ್ದಂತೆ ಏರುತ್ತದೆ. 2019ರಲ್ಲಿ ಕಾರ್ಮೈಕೆಲ್ ತಂಡ ಸುಂಡಿಲಿಗಳಲ್ಲಿ ಅದನ್ನು ಅಡಗಿಸಿದಾಗ, ಏಡ್ಸ್ ರೋಗಿಗಳಿಗೆ ಬಳಸುವ ಮರಾವಿರಾಕ್ ಗುಳಿಗೆಯಿಂದ ಮುಚ್ಚಿದಾಗ ಕೂಡ, ಚೇತರಿಕೆ ಸುಧಾರಿಸಿತು. ಅದೇ ವರದಿಯಲ್ಲಿ ಇಸ್ರೇಲಿನ ಟೆಲ್ ಅವೀವ್‌ನ ರೋಗಿಗಳ ಮಾಹಿತಿಯೂ ಇತ್ತು. ಹುಟ್ಟಿನಿಂದಲೇ ಈ ಪ್ರೋಟೀನಿನ ಜೀನಿನಲ್ಲಿ ತುಂಡೊಂದು ಬಿಟ್ಟುಹೋದವರು ಪಾರ್ಶ್ವವಾಯುವಿನ ನಂತರ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿಕೊಂಡಿದ್ದರು. ಆ ಲೋಪ ಉತ್ತರ ಯುರೋಪಿನ ಮೂಲದವರಲ್ಲಿ ಸಾಮಾನ್ಯ, ನಮ್ಮ ದೇಶದಲ್ಲಿ ಅಪರೂಪ. ಅದೇ ತಂಡ 2015ರಲ್ಲಿ ಜಿಡಿಎಫ್10 ಎಂಬ ಬೇರೊಂದು ಪ್ರೋಟೀನನ್ನು ಗುರುತಿಸಿತ್ತು. ಪಾರ್ಶ್ವವಾಯುವಿನ ನಂತರ ಗಾಯದ ಅಂಚಿನಲ್ಲಿ, ಮನುಷ್ಯರ ಮೆದುಳಿನಲ್ಲೂ, ಅದು ಏರುತ್ತದೆ, ಏರಿ ಎಳೆಗಳನ್ನು ಚಿಗುರಿಸುತ್ತದೆ. ಅಂದರೆ ಒಂದೇ ಗಾಯದ ಅಂಚಿನಲ್ಲಿ ಚಿಗುರಿಸುವ ಕೂಗೂ ಸುಮ್ಮನಿರಿಸುವ ಕೂಗೂ ಒಟ್ಟಿಗೆ ಎದ್ದಿವೆ. ಅವುಗಳ ಸರದಿ ತಿಳಿಯದೆ ಒಂದನ್ನು ಹಿಡಿದು ಹೊರಟರೆ ದಾರಿ ತಪ್ಪುವುದು ಸಹಜ.

ಸರದಿಯ ಮಾತಿಗೆ ನನಗೆ ತಿಳಿದ ಮಟ್ಟಿಗೆ ಅತ್ಯಂತ ಮನದಟ್ಟಾಗುವ ಸಾಕ್ಷ್ಯ ಜ್ಯೂರಿಕ್‌ನಿಂದ 2014ರಲ್ಲಿ ಬಂತು. ಆನ್ನಾ-ಸೋಫಿಯಾ ವಾಲ್ ಮತ್ತು ಶ್ವಾಬ್ ಅವರ ತಂಡ ಇಲಿಗಳ ಮೆದುಳಿನ ಒಂದು ಪಾರ್ಶ್ವದಲ್ಲಿ ಮುಂಗಾಲನ್ನು ಆಳುವ ಭಾಗವನ್ನು ಬಹುಪಾಲು ನಾಶ ಮಾಡಿತು. ಪರೀಕ್ಷೆ ಇಷ್ಟೇ: ಗಾಜಿನ ಪೆಟ್ಟಿಗೆಯ ಸೀಳಿನಿಂದ ಮುಂಗಾಲು ಚಾಚಿ, ಹೊರಗಿಟ್ಟ ತಿನಿಸಿನ ಒಂದು ಕಾಳನ್ನು ಬೆರಳಲ್ಲಿ ಹಿಡಿದು, ಬೀಳಿಸದೆ ಬಾಯಿಗೆ ತರಬೇಕು. ಕೆಲವು ಇಲಿಗಳಿಗೆ ಮೊದಲ ಎರಡು ವಾರ ನೋಗೋ ತಡೆಯನ್ನು ಮುಚ್ಚುವ ಪ್ರತಿಕಾಯ ಕೊಟ್ಟು, ಅದು ಮುಗಿದ ಮೇಲೆ ಕಾಲಿಗೆ ಕಠಿಣ ತರಬೇತಿ ಕೊಟ್ಟರು. ಇನ್ನು ಕೆಲವಕ್ಕೆ ಎರಡನ್ನೂ ಒಟ್ಟಿಗೆ ಕೊಟ್ಟರು. ಎರಡೂ ಒಟ್ಟಿಗೆ ಸಿಕ್ಕವೇ ಮುಂದಿರಬೇಕು ಎಂದು ಯಾರಾದರೂ ಹೇಳಿಯಾರು. ಆದದ್ದು ಉಲ್ಟಾ. ಮೊದಲು ಮದ್ದು, ಆಮೇಲೆ ತರಬೇತಿ ಪಡೆದವು ಹೆಚ್ಚುಕಡಿಮೆ ಮೊದಲಿನಂತೆಯೇ ಕಾಳು ಎತ್ತಿದವು. ಒಟ್ಟಿಗೆ ಪಡೆದವುಗಳ ಬೆನ್ನುಹುರಿಯಲ್ಲಿ ಎಳೆಗಳು ಬೆಳೆದವೇನೋ ಹೌದು, ಆದರೆ ಎಲ್ಲೆಂದರಲ್ಲಿ, ಬೇಡದ ಕಡೆಯೂ ನುಗ್ಗಿದ್ದವು. ಕಾಲು ಸ್ವಾಧೀನಕ್ಕೆ ಬರಲಿಲ್ಲ. ಹೊಲದಲ್ಲಿ ಬಿತ್ತಿದ ದಿನವೇ ಎಡೆಕುಂಟೆ ಹೊಡೆದರೆ ಮೊಳಕೆಯೇ ಕಿತ್ತು ಬರುತ್ತದೆ, ಅದೇ ಕುಂಟೆ ಮೂರು ವಾರದ ಮೇಲೆ ಬೆಳೆಯನ್ನು ಉಳಿಸುತ್ತದೆ. ಇಲ್ಲಿಯೂ ಹಾಗೆಯೇ: ಮೊದಲ ಹಂತದಲ್ಲಿ ಎಳೆಗಳು ಧಾರಾಳವಾಗಿ ಕವಲೊಡೆಯಬೇಕು, ತರಬೇತಿ ಬಂದು ಅವುಗಳಲ್ಲಿ ಬೇಕಾದ್ದನ್ನು ಗಟ್ಟಿ ಮಾಡಿ ಬೇಡವಾದ್ದನ್ನು ಕಳೆಯಬೇಕು. ಹೊಸ ಎಳೆಗಳನ್ನು ಒಳಗಿಂದಲೇ ತಾತ್ಕಾಲಿಕವಾಗಿ ಮೌನಗೊಳಿಸುವ ಉಪಾಯವನ್ನೂ ಅವರು ಮಾಡಿದ್ದರು. ಮೌನಗೊಳಿಸಿದಾಗ ಮರಳಿ ಬಂದಿದ್ದ ಕೌಶಲವೂ ಹೋಯಿತು. ಹೀಗಾಗಿ ಕಾಲನ್ನು ಎತ್ತುತ್ತಿದ್ದದ್ದು ಆ ಹೊಸ ಎಳೆಗಳೇ ಎನ್ನುವುದರಲ್ಲಿ ಸಂಶಯ ಉಳಿಯಲಿಲ್ಲ.

ಇಲ್ಲಿ ಕೇಳುಗರಲ್ಲಿ ಯಾರಾದರೂ ವೈದ್ಯರಿದ್ದರೆ ಅವರಿಗೆ ನಗು ಬಂದೀತು. ಇಲಿಗಳಲ್ಲಿ ಗೆಲ್ಲುವುದು ಹೊಸದೇನಲ್ಲ, ಮನುಷ್ಯರಲ್ಲಿ ಸೋಲುವುದೂ ಹೊಸದಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪಾರ್ಶ್ವವಾಯುವಿಗೆಂದು ಪ್ರಯೋಗಿಸಿದ ಚಿಕಿತ್ಸೆಗಳನ್ನು ಎಣಿಸಿದಾಗ ಸಿಕ್ಕ ಸಂಖ್ಯೆ 1,026. ರೋಗಿಯ ಮಂಚದ ಬಳಿಗೆ ಬಂದು ನಿಂತವು ಬೆರಳೆಣಿಕೆಯಷ್ಟು. ತಡೆ ಪ್ರೋಟೀನುಗಳ ವಿಷಯದಲ್ಲೂ ಹಾಗೆಯೇ ಆಯಿತು. ನೋಗೋಗೆ ಸಹೋದರನಂತಿರುವ ಮ್ಯಾಗ್ ಎಂಬ ಪ್ರೋಟೀನಿನ ವಿರುದ್ಧ ತಯಾರಿಸಿದ ಪ್ರತಿಕಾಯವನ್ನು ಪಾರ್ಶ್ವವಾಯುವಾದ ಮೂರು ದಿನದೊಳಗೆ ಒಮ್ಮೆ, ಒಂಬತ್ತು ದಿನ ಬಿಟ್ಟು ಇನ್ನೊಮ್ಮೆ ರಕ್ತನಾಳದ ಮೂಲಕ ಕೊಟ್ಟು ನೋಡಿದರು. 134 ರೋಗಿಗಳು ಭಾಗವಹಿಸಿದ ಆ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಮದ್ದು ಪಡೆದವರ ನಡಿಗೆಯ ವೇಗ ಬರಿಯ ಹುಸಿಮದ್ದು ಪಡೆದವರಿಗಿಂತ ಹೆಚ್ಚಲಿಲ್ಲ. ಬೆನ್ನುಹುರಿ ಪೆಟ್ಟಿನ ರೋಗಿಗಳಲ್ಲಿ ನೋಗೋ ಪ್ರತಿಕಾಯದ ಯುರೋಪಿನ ಪ್ರಯೋಗ 2024ರಲ್ಲಿ ಪ್ರಕಟವಾಯಿತು, ಮುಖ್ಯ ಗುರಿ ಅಲ್ಲಿಯೂ ಮುಟ್ಟಲಿಲ್ಲ. ಹುರಿ ಪೂರ್ತಿ ಕಡಿಯದೆ ಉಳಿದಿದ್ದವರಲ್ಲಿ ಮಾತ್ರ ಒಂದಿಷ್ಟು ಭರವಸೆಯ ಸೂಚನೆ ಕಂಡಿತು. ಈ ಸೋಲುಗಳನ್ನು ಮುಚ್ಚಿಡಬಾರದು. ಮ್ಯಾಗ್ ಪ್ರಯೋಗದಂತೆ ರಕ್ತನಾಳಕ್ಕೆ ಕೊಟ್ಟ ಪ್ರತಿಕಾಯ ಮೆದುಳಿಗೆ ದಾಟುವುದು ಬಹಳ ಕಡಿಮೆ, ಇಲಿಗಳಿಗಾದರೆ ನೋಗೋ ಪ್ರತಿಕಾಯವನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಎರಡು ವಾರ ಹರಿಸಿದ್ದರು ಎಂದು ನಾನು ಹೇಳಬಹುದು. ಅದು ನಿಜ. ಆದರೆ ಸೋತ ಮೇಲೆ ಹುಡುಕಿದ ಕಾರಣಕ್ಕೆ ಗೆದ್ದ ಪ್ರಯೋಗದ ತೂಕ ಇರುವುದಿಲ್ಲ. ಹೊತ್ತಿನ ವಾದಕ್ಕೆ ಮನುಷ್ಯರಿಂದಲೇ ಬಂದ ಬೇರೆ ಸಾಕ್ಷ್ಯ ಬೇಕು.

ಅದಕ್ಕೆ ಮೊದಲು ಇನ್ನೊಂದು ಆಕ್ಷೇಪ. ನೋಗೋ ಅಷ್ಟು ಮುಖ್ಯವಾದರೆ, ಅದರ ಜೀನೇ ಇಲ್ಲದ ಸುಂಡಿಲಿ ಹುಟ್ಟಿಸಿದರೆ ಅದರ ನರಗಳು ತಾವಾಗಿ ಬೆಳೆಯಬೇಕಲ್ಲವೇ? 2003ರಲ್ಲಿ ಮೂರು ತಂಡಗಳು ಅಂಥ ಸುಂಡಿಲಿಗಳನ್ನು ಹುಟ್ಟಿಸಿ ಒಂದೇ ನಿಯತಕಾಲಿಕೆಯಲ್ಲಿ ಮೂರು ಬೇರೆ ಉತ್ತರ ಕೊಟ್ಟವು. ಒಬ್ಬರಿಗೆ ಬೆಳವಣಿಗೆ ಚೆನ್ನಾಗಿ ಕಂಡಿತು, ಇನ್ನೊಬ್ಬರಿಗೆ ಅಷ್ಟಿಷ್ಟು, ಮೂರನೆಯವರಿಗೆ ಏನೂ ಇಲ್ಲ. ಆ ವರ್ಷ ಈ ಕ್ಷೇತ್ರದಲ್ಲಿ ದೊಡ್ಡ ಗದ್ದಲವಾಯಿತು. ನನ್ನ ಮಟ್ಟಿಗೆ ಈ ಗೊಂದಲ ವಾದವನ್ನು ಬೀಳಿಸುವುದಿಲ್ಲ. ಭ್ರೂಣದಿಂದಲೇ ಒಂದು ಪ್ರೋಟೀನು ಇಲ್ಲದೆ ಬೆಳೆದ ಮೆದುಳು ಬೇರೆ ತಡೆಗಳನ್ನು ಹೊಂದಿಸಿಕೊಂಡು ಬೆಳೆದಿರುತ್ತದೆ. ಬೆಳೆದ ಮೆದುಳಿನಲ್ಲಿ ಎರಡು ವಾರ ಮಾತ್ರ ಆ ತಡೆಯನ್ನು ಎತ್ತುವುದು ಬೇರೆಯೇ ಸಂಗತಿ. ತಡೆಯ ಪ್ರೋಟೀನುಗಳು ಇರುವುದೇ ಬಾಲ್ಯದಲ್ಲಿ ಕಟ್ಟಿದ ಜೋಡಣೆ ಕದಡದಿರಲಿ ಎಂದು. ಅವನ್ನು ಸದಾಕಾಲ ಕಿತ್ತೊಗೆದ ಮೆದುಳಿಗಿಂತ ಬೇಕಾದ ದಿನಗಳಲ್ಲಿ ಸಡಿಲಿಸಿದ ಮೆದುಳಿನಿಂದ ಹೆಚ್ಚು ನಿರೀಕ್ಷಿಸಬಹುದು.

ಈಗ ಮನುಷ್ಯರ ಸಾಕ್ಷ್ಯ. ಪಾರ್ಶ್ವವಾಯುವಿನ ರೋಗಿಯನ್ನು ಎಷ್ಟು ಬೇಗ ಎಬ್ಬಿಸಿ ನಡೆಸಿದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ಇತ್ತು. ಆಸ್ಟ್ರೇಲಿಯಾದ ಮುಂದಾಳತ್ವದ ಅವರ್ಟ್ ಎಂಬ ಪ್ರಯೋಗದಲ್ಲಿ ಐದು ದೇಶಗಳ 2,104 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು 24 ಗಂಟೆಯೊಳಗೇ ಪದೇ ಪದೇ ಎಬ್ಬಿಸಿ ನಡೆಸಿದರು. 2015ರಲ್ಲಿ ಫಲಿತಾಂಶ ಬಂದಾಗ ಮೂರು ತಿಂಗಳ ನಂತರ ಚೆನ್ನಾಗಿದ್ದವರು ಆ ಗುಂಪಿನಲ್ಲಿ 46 ಪ್ರತಿಶತ, ಸಾಮಾನ್ಯ ಆರೈಕೆಯ ಗುಂಪಿನಲ್ಲಿ 50. ಅವಸರ ಉಪಕಾರ ಮಾಡಲಿಲ್ಲ, ಕೊಂಚ ಅಪಕಾರವನ್ನೇ ಮಾಡಿತು. ಹಾಗಾದರೆ ಸರಿಯಾದ ಹೊತ್ತು ಯಾವುದು? ಅಮೆರಿಕದ ವಾಷಿಂಗ್ಟನ್‌ನಲ್ಲಿ ಡ್ರೋಮರಿಕ್ ತಂಡ 72 ರೋಗಿಗಳಲ್ಲಿ ಇದನ್ನೇ ನೇರವಾಗಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿತು. ವಾಡಿಕೆಯ ಆರೈಕೆಯ ಮೇಲೆ ಕೈಗೆ ಇಪ್ಪತ್ತು ಗಂಟೆಗಳ ಹೆಚ್ಚುವರಿ ತರಬೇತಿ, ಕೆಲವರಿಗೆ ಮೊದಲ ತಿಂಗಳಲ್ಲಿ, ಕೆಲವರಿಗೆ ಎರಡರಿಂದ ಮೂರು ತಿಂಗಳ ನಡುವೆ, ಕೆಲವರಿಗೆ ಆರು ತಿಂಗಳು ದಾಟಿದ ಮೇಲೆ. ಹೆಚ್ಚು ಲಾಭವಾದದ್ದು ಎರಡರಿಂದ ಮೂರು ತಿಂಗಳ ನಡುವೆ ಪಡೆದವರಿಗೆ. ಮೊದಲ ತಿಂಗಳಿನವರಿಗೂ ಆಯಿತು, ಅದಕ್ಕಿಂತ ಕಡಿಮೆ. ಆರು ತಿಂಗಳ ನಂತರದವರಿಗೆ ಎದ್ದುಕಾಣುವ ಲಾಭವಾಗಲಿಲ್ಲ. 72 ಜನ ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಆದರೂ ಇಲಿಯ ಬೆನ್ನುಹುರಿಯಲ್ಲಿ ಕಂಡ ಸರದಿಯ ನಿಯಮವೇ ಮನುಷ್ಯನ ಕೈಯಲ್ಲೂ ಕಂಡಿತು ಎನ್ನುವುದನ್ನು ಕಾಕತಾಳೀಯವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಹಾಗೆಂದು ಆರು ತಿಂಗಳು ದಾಟಿದವರು ಕೈಚೆಲ್ಲಬೇಕಿಲ್ಲ. 2006ರ ಎಕ್ಸೈಟ್ ಪ್ರಯೋಗದಲ್ಲಿ ಮೂರರಿಂದ ಒಂಬತ್ತು ತಿಂಗಳು ಕಳೆದ 222 ರೋಗಿಗಳಿದ್ದರು. ಅವರಲ್ಲಿ ಒಂದು ಗುಂಪಿನವರು ಚೆನ್ನಾಗಿದ್ದ ಕೈಗೆ ಚೀಲ ತೊಡಿಸಿ, ಸೋತ ಕೈಯಿಂದಲೇ ಎರಡು ವಾರ ಎಲ್ಲ ಕೆಲಸ ಮಾಡಿ ಲಾಭ ಪಡೆದರು. ಕೈಯಲ್ಲಿ ಸ್ವಲ್ಪವಾದರೂ ಚಲನೆ ಉಳಿದಿದ್ದವರ ಮಾತು ಇದು. ತಡವಾದರೆ ಕೆಲಸ ಹೆಚ್ಚು, ಫಲ ಕಡಿಮೆ, ಅಷ್ಟೆ.

ನಮ್ಮಲ್ಲಿ ರೂಢಿ ಹೇಗಿದೆ ಎನ್ನುವುದನ್ನೂ ಹೇಳದೆ ಬಿಡಲಾರೆ. ಆಸ್ಪತ್ರೆಯಿಂದ ಬರುವಾಗ ಚೀಟಿಯಲ್ಲಿ ‘ನರಕ್ಕೆ ಶಕ್ತಿ’ ಕೊಡುವ ಔಷಧಗಳು ಬಹಳ ಸಲ ಇರುತ್ತವೆ. ಸಿಟಿಕೋಲಿನ್ ಅವುಗಳಲ್ಲಿ ಮುಖ್ಯವಾದದ್ದು. ಯುರೋಪಿನಲ್ಲಿ 2,298 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿ 2012ರಲ್ಲಿ ವರದಿ ಬಂದಾಗ ಹುಸಿಮದ್ದಿಗಿಂತ ಮೇಲೆಂದು ಸಾಬೀತಾಗಲಿಲ್ಲ. ಹಂದಿಯ ಮೆದುಳಿನ ಪ್ರೋಟೀನಿನಿಂದ ತಯಾರಿಸುವ ಸೆರೆಬ್ರೊಲೈಸಿನ್ ಎಂಬ ಚುಚ್ಚುಮದ್ದನ್ನು ಏಷ್ಯಾದ 1,070 ರೋಗಿಗಳಲ್ಲಿ ಪರೀಕ್ಷಿಸಿದ ವರದಿಯೂ ಅದೇ ವರ್ಷ ಬಂತು, ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಇವುಗಳಿಗೆ ಸಾವಿರಾರು ರೂಪಾಯಿ ಸುರಿದ ಕುಟುಂಬ ಫಿಸಿಯೊಥೆರಪಿಯನ್ನು ಹದಿನೈದು ದಿನಕ್ಕೆ ಬಿಟ್ಟುಬಿಡುವುದು ಎಂಥ ಲೆಕ್ಕಾಚಾರ! ಮನೆಯವರೇ ವ್ಯಾಯಾಮ ಮಾಡಿಸಿದರೆ ಸಾಲದೇ ಎಂದರೆ, ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ನಡೆದ ಅಟೆಂಡ್ ಪ್ರಯೋಗ ಅದನ್ನೇ ಕೇಳಿತ್ತು. 2017ರಲ್ಲಿ ಬಂದ ಉತ್ತರ ನಿರಾಸೆಯದು: ಮನೆಯವರಿಗೆ ಕಲಿಸಿ ಮಾಡಿಸಿದ ತರಬೇತಿಯಿಂದ ಆರು ತಿಂಗಳ ಕೊನೆಗೆ ಹೆಚ್ಚಿನ ಉಪಯೋಗ ಕಾಣಲಿಲ್ಲ. ತರಬೇತಿಯೇ ವ್ಯರ್ಥ ಎಂದು ಇದರ ಅರ್ಥವಲ್ಲ. ಕೈಕಾಲು ಆಡಿಸಿದ್ದೆಲ್ಲ ತರಬೇತಿಯಾಗುವುದಿಲ್ಲ, ನುರಿತವರು ಅಳೆದು ಕೊಡುವ ಗಂಟೆಗಳು ಬೇಕು ಎಂದು ನಾನು ಇದನ್ನು ಓದುತ್ತೇನೆ. ಅಂಥ ನುರಿತವರು ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿ ಸಿಗುವಂತೆ ಮಾಡುವುದು ಸರಕಾರದ ಕೆಲಸ.

ಪ್ರೋಟೀನಿನ ಮದ್ದು ಬರುವ ದಿನ ಬಂದಾಗ ಅದು ಒಂಟಿಯಾಗಿ ಬರುವುದಿಲ್ಲ, ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಗಡುವಿನೊಂದಿಗೆ, ಇಂಥ ತರಬೇತಿಯ ಜೊತೆ ಎಂಬ ಷರತ್ತಿನೊಂದಿಗೆ ಬರುತ್ತದೆ ಎಂದು ನನ್ನ ಅಂದಾಜು. ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಬಾಯಿ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿ ಆ ಸಮಯವನ್ನು ಬರೆದಿಟ್ಟುಕೊಳ್ಳಿ, ಎಣ್ಣೆ ತಿಕ್ಕುತ್ತ ಕೂರದೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೊರಡಿ. ಮನೆಗೆ ಮರಳಿದ ಮೇಲೆ ಮೊದಲ ಮೂರು ತಿಂಗಳು ಫಿಸಿಯೊಥೆರಪಿಯನ್ನು ಒಂದು ದಿನವೂ ತಪ್ಪಿಸಬೇಡಿ.